ಹೆಸರು ತೆಗೆದುಬಿಟ್ರೆ ಸಾಕಾ? ಕಾಂಟ್ಯಾಕ್ಟ್ ಟ್ರೇಸಿಂಗ್ ಮತ್ತು ಪ್ರೈವಸಿ ಬಗ್ಗೆ ನನ್ನ ನೋಟ್ಸ್

2020ರ ಬೇಸಿಗೆ ನೆನಪಿದ್ಯಾ? ದಿನಾ ಸಂಜೆ ರಾಜ್ಯದ ಹೆಲ್ತ್ ಬುಲೆಟಿನ್ ಬರ್ತಿತ್ತು, ಅದ್ರಲ್ಲಿ ಯಾರ ಹೆಸರೂ ಇರ್ತಿರ್ಲಿಲ್ಲ, ಪಿ ಅಂತ ಹಾಕಿ ಒಂದು ನಂಬರು, ವಯಸ್ಸು, ಗಂಡೋ ಹೆಣ್ಣೋ, ಯಾವ ಜಿಲ್ಲೆ, ಯಾರ ಸಂಪರ್ಕದಿಂದ ಬಂತು ಇಲ್ಲಾ ಎಲ್ಲಿಗೆ ಹೋಗಿ ಬಂದಿದ್ರು, ಇಷ್ಟೇ. ನೋಡಿದ್ರೆ ಎಲ್ಲಾ ಗುಟ್ಟಾಗೇ ಇದೆ ಅನ್ಸುತ್ತೆ. ಆದ್ರೆ ನಮ್ಮ ದಾವಣಗೆರೆಯಂಥ ಊರಲ್ಲಿ ಇಂಥ ವಯಸ್ಸಿನ ಹೆಂಗಸು, ಮುಂಬೈಯಿಂದ ಬಂದೋರು ಅಂದ್ರೆ ಯಾರು ಅಂತ ಕಂಡುಹಿಡಿಯೋಕೆ ಎಷ್ಟೊತ್ತು ಬೇಕು? ಸ್ವಲ್ಪ ಹೊತ್ತಿಗೇ ವಾಟ್ಸಾಪ್ ಗ್ರೂಪಲ್ಲಿ "ಹಿಂದಿನ ಕ್ರಾಸಂತೆ, ಮೂಲೆ ಮನೆಯಂತೆ" ಅಂತ ಶುರುವಾಗ್ತಿತ್ತು. ನಮ್ಮ ಓಣಿಯಲ್ಲೇ ಒಂದು ಮನೆಗೆ ಹಂಗಾಯ್ತು. ಆ ಮನೆ ಅಮ್ಮ ಮಾಳಿಗೆ ಮೇಲಿಂದ ನಮ್ಮಮ್ಮನ್ನ ಕರೆದು, "ಅಕ್ಕಾ, ಹಾಲಿನೋರು ನಮ್ಮ ಗೇಟ್ ಹತ್ರ ನಿಲ್ಲಿಸ್ತಾ ಇಲ್ರಿ, ಎರಡು ಪಾಕೀಟು ನೀವೇ ಇಸ್ಕೊಂಡು ಕಾಂಪೌಂಡ್ ಮೇಲೆ ಇಡ್ತೀರೇನ್ರಿ" ಅಂತ ಕೇಳಿದ್ದು ನಂಗೆ ಇನ್ನೂ ಕಿವಿಲಿದೆ. ಆಮೇಲಿನ ವಾರ ಅದೇ ಓಣಿಲಿ ಜ್ವರ ಬಂದೋರು ಟೆಸ್ಟಿಗೆ ಹೋಗ್ಲೇ ಇಲ್ಲ, ಮೆಡಿಕಲ್ ಶಾಪಲ್ಲಿ ಮಾತ್ರೆ ತಗೊಂಡು ಒಳಗೇ ಮಲಗಿದ್ರು. ನಾನು ಈ ಟಾಪಿಕ್ ಓದೋವಾಗ ಇದನ್ನ ಮುಂದೆ ಇಟ್ಕೊಂಡೇ ಓದಿದ್ದು. ಪ್ರೈವಸಿ ಹೋದ್ರೆ ಜನ ಬಚ್ಚಿಟ್ಕೊತಾರೆ, ಜನ ಬಚ್ಚಿಟ್ಕೊಂಡ್ರೆ ರೋಗಾನೂ ಬಚ್ಚಿಟ್ಕೊಳ್ಳುತ್ತೆ, ಆಮೇಲೆ ಯಾವ ಆ್ಯಪ್ ಇದ್ದೂ ಏನು ಉಪಯೋಗ?

ಕಾಂಟ್ಯಾಕ್ಟ್ ಟ್ರೇಸಿಂಗ್, ಅಂದ್ರೆ ರೋಗ ಬಂದೋರ ಹತ್ರ ಇದ್ದೋರನ್ನ ಹುಡುಕೋದು, ಹೊಸದಲ್ಲ. ಟಿಬಿಗೆ ಮೊದಲಿಂದ್ಲೂ ಮಾಡ್ತಾರೆ, ಒಬ್ರಿಗೆ ಬಂತು ಅಂದ್ರೆ ಅವ್ರ ಮನೆಯೋರು, ಜೊತೆ ಕೆಲಸ ಮಾಡೋರು ಎಲ್ಲರನ್ನೂ ಚೆಕ್ ಮಾಡ್ತಾರೆ. ತೊಂದ್ರೆ ಏನು ಅಂದ್ರೆ ಕೋವಿಡ್‌ನಲ್ಲಿ ರೋಗ ಓಡ್ತಾ ಇತ್ತು, ಬಸ್ಸಲ್ಲಿ ಪಕ್ಕ ಕೂತಿದ್ದು ಯಾರು ಅಂತ ನಮಗೆ ಹೆಂಗೆ ಗೊತ್ತಿರುತ್ತೆ, ಅದಕ್ಕೇ ಫೋನಿಗೆ ಆ ಕೆಲಸ ಹಚ್ಚಿದ್ರು.

ಫೋನಲ್ಲಿ ಎರಡು ದಾರಿ ಇದೆ, ಜಿಪಿಎಸ್ ಮತ್ತೆ ಬ್ಲೂಟೂತ್. ಜಿಪಿಎಸ್ ನೀವು ಎಲ್ಲಿದ್ರಿ ಅಂತ ಹೇಳುತ್ತೆ, ಬ್ಲೂಟೂತ್ ಯಾರ ಹತ್ರ ಇದ್ರಿ ಅಂತ. ಈ ವ್ಯತ್ಯಾಸ ಗಟ್ಟಿ ಮಾಡ್ಕೊಳ್ಳಿ, ಅರ್ಧ ಟಾಪಿಕ್ ಇದರ ಮೇಲೇ ನಿಂತಿದೆ. 2013ರಲ್ಲಿ ಬಂದ ಒಂದು ಫೇಮಸ್ ಸ್ಟಡಿಲಿ ಸುಮಾರು 15 ಲಕ್ಷ ಜನರ ಮೊಬೈಲ್ ಲೊಕೇಶನ್ ಡೇಟಾ ತಗೊಂಡು ನೋಡಿದ್ರು, ಜಾಗ ಮತ್ತೆ ಟೈಮ್ ಸೇರಿದ ಬರೀ 4 ಪಾಯಿಂಟ್ ಸಿಕ್ರೆ 95% ಜನರನ್ನ ಬೇರೆಯವರಿಂದ ಬೇರ್ಪಡಿಸಿ ಗುರುತು ಹಿಡೀಬಹುದಿತ್ತು. ಯೋಚ್ನೆ ಮಾಡಿ, ರಾತ್ರಿ ಕೆಟಿಜೆ ನಗರ, ಬೆಳಿಗ್ಗೆ 6ಕ್ಕೆ ಎಪಿಎಂಸಿ, 10ಕ್ಕೆ ಮಂಡಿಪೇಟೆ, ಸಂಜೆ ಹದಡಿ ರಸ್ತೆಯ ಒಂದು ಟ್ಯೂಷನ್ ಮುಂದೆ, ಈ ನಾಲ್ಕೂ ಒಟ್ಟಿಗೆ ಹೊಂದೋ ಮನುಷ್ಯ ಊರಲ್ಲಿ ಎಷ್ಟು ಜನ ಇರ್ತಾರೆ? ಹೆಸರು ಅಳಿಸಿ ಏನು ಬಂತು. ಸಾಲದ್ದಕ್ಕೆ ರೋಗ ಹುಡುಕೋಕೂ ಜಿಪಿಎಸ್ ಅಷ್ಟು ಸರಿ ಇಲ್ಲ, ಬಿಲ್ಡಿಂಗ್ ಒಳಗೆ ಕೆಳಗಿನ ಮಹಡಿ ಮೇಲಿನ ಮಹಡಿ ಎರಡೂ ಒಂದೇ ಚುಕ್ಕೆ ಆಗಿ ಕಾಣುತ್ತೆ.

ಈಗ ಬ್ಲೂಟೂತ್. ನಂಗೆ ಇದು ಅರ್ಥ ಆಗಿದ್ದು ಚೀಟಿ ಲೆಕ್ಕದಲ್ಲಿ. ವಿದ್ಯಾನಗರದ ಒಂದು ಮೆಸ್ಸಲ್ಲಿ ನೀವು ಊಟಕ್ಕೆ ಕೂತಿದೀರ, ಎದುರಿಗೆ ಗೊತ್ತಿಲ್ದೋರು ಒಬ್ರು ಕೂತಿದಾರೆ. ನಿಮ್ಮ ಫೋನು ಒಂದು ಚೀಟಿ ಮೇಲೆ ಅರ್ಥವಿಲ್ಲದ ಉದ್ದ ನಂಬರ್ ಬರೆದು ಸುತ್ತ ಇರೋರಿಗೆಲ್ಲ ಕೊಡ್ತಾ ಇರುತ್ತೆ, ಅವ್ರ ಫೋನೂ ಅದನ್ನೇ ಮಾಡುತ್ತೆ, ಇಬ್ರೂ ಇಸ್ಕೊಂಡ ಚೀಟಿನ ತಮ್ಮ ತಮ್ಮ ಡಬ್ಬಿಗೆ ಹಾಕ್ಕೊತಾರೆ. ನಂಬರ್ ಒಂದೇ ಇದ್ರೆ ಅಂಗಡಿಯೋನು ಒಂದು ರಿಸೀವರ್ ಇಟ್ಟು "ಈ ನಂಬರಿನೋರು ದಿನಾ ಬರ್ತಾರೆ" ಅಂತ ಹಿಡೀಬಹುದು, ಅದಕ್ಕೆ ನಂಬರು 10ರಿಂದ 20 ನಿಮಿಷಕ್ಕೊಮ್ಮೆ ಬದಲಾಗುತ್ತೆ. ಅದ್ರ ಜೊತೆಗೇ ಫೋನಿನ ಬ್ಲೂಟೂತ್ ಅಡ್ರೆಸ್ಸೂ (ಬ್ಲೂಟೂತ್ ತನ್ನ ಗುರುತಿಗೆ ಕಳಿಸೋ ಇನ್ನೊಂದು ನಂಬರು) ಬದಲಾಗ್ಬೇಕು, ಇಲ್ಲಾಂದ್ರೆ ಹಳೆ ಅಡ್ರೆಸ್ ಹಿಡ್ಕೊಂಡು ಹೊಸ ನಂಬರಿಗೆ ಗಂಟು ಹಾಕ್ಬಿಡ್ತಾರೆ. ಇದನ್ನ ನಮ್ಮಲ್ಲಿ ತುಂಬಾ ಜನ ಬಿಟ್ಬಿಡ್ತಾರೆ, ಬಿಡ್ಬೇಡಿ.

ಮುಂದಿನ ಪ್ರಶ್ನೆ ಚೀಟಿ ಬರೆಯೋರು ಯಾರು ಅನ್ನೋದು. ಸಿಂಗಪುರದ ಟ್ರೇಸ್‌ಟುಗೆದರ್ 2020ರ ಮಾರ್ಚಲ್ಲಿ ಬಂತು, ಆ ಆ್ಯಪಲ್ಲಿ ನಂಬರು ಕೊಡ್ತಿದ್ದಿದ್ದು ಸರ್ಕಾರದ ಸರ್ವರು, ಪಾಸಿಟಿವ್ ಆದೋರು ತಮ್ಮ ಡಬ್ಬಿನೇ ಆರೋಗ್ಯ ಇಲಾಖೆಗೆ ಕೊಡ್ಬೇಕಿತ್ತು, ಇಲಾಖೆ ನಂಬರ್ ಬಿಚ್ಚಿ ಫೋನ್ ಮಾಡ್ತಿತ್ತು. ಅಂದ್ರೆ ಕೀಲಿಕೈ ಒಂದೇ ಕಡೆ. ಆಪಲ್ ಮತ್ತೆ ಗೂಗಲ್ ಅದೇ ವರ್ಷ ಮೇ 20ಕ್ಕೆ ಬಿಟ್ಟ ವ್ಯವಸ್ಥೆ ಉಲ್ಟಾ, ಯುರೋಪಿನ ಸಂಶೋಧಕರು ಮಾಡಿದ್ದ ಡಿಪಿ-3ಟಿ ಅನ್ನೋ ವಿನ್ಯಾಸನೂ ಇದೇ ಜಾತಿ. ಇಲ್ಲಿ ಫೋನೇ ದಿನಕ್ಕೊಂದು ಗುಪ್ತ ಕೀ ಹುಟ್ಟಿಸುತ್ತೆ, 16 ಬೈಟು, ಆ ಒಂದು ಕೀ ಇಂದ 10 ನಿಮಿಷಕ್ಕೊಂದರಂತೆ ದಿನಕ್ಕೆ 144 ನಂಬರ್ ತೆಗೀಬಹುದು. ಪಾಸಿಟಿವ್ ಆದ್ರೆ, ನೀವು ಒಪ್ಪಿದ್ರೆ, 14 ದಿನದ 14 ಕೀ ಅಷ್ಟೇ ಅಪ್‌ಲೋಡ್ ಆಗುತ್ತೆ, ನೀವು ಇಸ್ಕೊಂಡ ಚೀಟಿಗಳಲ್ಲ. ಉಳಿದೋರ ಫೋನು ಆ ಕೀ ಡೌನ್‌ಲೋಡ್ ಮಾಡ್ಕೊಂಡು 14 ಗುಣಿಲೆ 144, ಅಂದ್ರೆ 2016 ನಂಬರ್ ತಾನೇ ಲೆಕ್ಕ ಹಾಕಿ ತನ್ನ ಡಬ್ಬಿಲಿ ಹುಡುಕುತ್ತೆ. ತಾಳೆ ನೋಡೋದು ನಿಮ್ಮ ಫೋನೊಳಗೆ. ಯಾರು ಯಾರನ್ನ ಭೇಟಿಯಾದ್ರು ಅನ್ನೋ ಪಟ್ಟಿ ಸರ್ವರಲ್ಲಿ ಹುಟ್ಟೋದೇ ಇಲ್ಲ, ಇಲ್ದಿರೋ ಪಟ್ಟಿನ ಯಾರು ಬಂದು ಕೇಳಿದ್ರೂ ಕೊಡೋಕಾಗಲ್ಲ.

ಇದು ಯಾಕೆ ಮುಖ್ಯ ಅಂದ್ರೆ ಸಿಂಗಪುರದಲ್ಲೇ ನೋಡಿ, ಮೊದ್ಲು ಡೇಟಾ ಟ್ರೇಸಿಂಗಿಗೆ ಮಾತ್ರ ಅಂದಿದ್ರು, 2021ರ ಜನವರಿಲಿ ಕ್ರಿಮಿನಲ್ ತನಿಖೆಗೆ ಪೊಲೀಸ್ರೂ ತಗೋಬಹುದು ಅಂತ ಹೊರಗೆ ಬಂತು, ಜನ ಬೇಜಾರಾದ್ರು, ಆಮೇಲೆ ಗಂಭೀರ ಅಪರಾಧಗಳ 7 ಬಗೆಗೆ ಮಾತ್ರ ಅಂತ ಕಾನೂನು ಮಾಡಿದ್ರು. ಯಾರೂ ಕೆಟ್ಟೋರಾಗಿ ಹಂಗಾಯ್ತು ಅಂತಲ್ಲ, ಡೇಟಾ ಒಂದು ಕಡೆ ರಾಶಿ ಬಿದ್ದಿದ್ರೆ ಬೇರೆ ಕೆಲಸಕ್ಕೂ ಬೇಕು ಅನ್ಸೇ ಅನ್ಸುತ್ತೆ. ನಾರ್ವೆ 2020ರ ಜೂನಲ್ಲಿ ಜಿಪಿಎಸ್ ಡೇಟಾ ಒಟ್ಟು ಮಾಡ್ತಿದ್ದ ತನ್ನ ಆ್ಯಪನ್ನೇ ನಿಲ್ಲಿಸ್ತು.

ನಮ್ಮ ಆರೋಗ್ಯ ಸೇತು 2020ರ ಏಪ್ರಿಲ್ 2ಕ್ಕೆ ಬಂತು, ಜಿಪಿಎಸ್ಸೂ ಬ್ಲೂಟೂತೂ ಎರಡೂ ಇತ್ತು, ರಿಜಿಸ್ಟರ್ ಮಾಡೋವಾಗ ಹೆಸರು, ಮೊಬೈಲ್ ನಂಬರು, ವಯಸ್ಸು, ಕೆಲಸ ಕೇಳ್ತಿತ್ತು. ಡೇಟಾ ಎಷ್ಟು ದಿನ ಅಂತಾನೂ ಬರೆದಿದ್ರು, ಫೋನಲ್ಲಿ 30 ದಿನ, ಸರ್ವರಿಗೆ ಹೋದ್ರೆ 45, ಪಾಸಿಟಿವ್ ಆದೋರದ್ದು ಗುಣ ಆದಮೇಲೆ 60. ಗಡುವು ಬರೆದಿದ್ದು ಒಳ್ಳೇದೇ ಅನ್ನೋದು ನನ್ನ ಅಭಿಪ್ರಾಯ, ಆದ್ರೆ ಅದಕ್ಕೆ ಬೇರೆಯಾಗಿ ಒಂದು ಕಾನೂನು ಇರ್ಲಿಲ್ಲ. ನಮ್ಮ ಕರ್ನಾಟಕ ಹೈಕೋರ್ಟ್ 2021ರ ಜನವರಿ 25ರ ಮಧ್ಯಂತರ ಆದೇಶದಲ್ಲಿ, ಬಳಕೆದಾರರು ತಿಳಿದು ಒಪ್ಪದೆ ಡೇಟಾ ಬೇರೆಯವ್ರಿಗೆ ಹಂಚೋ ಹಂಗಿಲ್ಲ ಅಂತು. ಇದ್ರ ಹಿಂದೆ ಸುಪ್ರೀಂ ಕೋರ್ಟಿನ 2017ರ ಆಗಸ್ಟ್ 24ರ ಪುಟ್ಟಸ್ವಾಮಿ ತೀರ್ಪಿದೆ, 9 ಜಡ್ಜುಗಳು ಸೇರಿ ಖಾಸಗಿತನ ಮೂಲಭೂತ ಹಕ್ಕು ಅಂದಿದ್ದು, ಆ ಕೇಸ್ ಹಾಕಿದ್ದ ಪುಟ್ಟಸ್ವಾಮಿಯವ್ರು ನಮ್ಮ ಹೈಕೋರ್ಟಿನಲ್ಲೇ ಜಡ್ಜ್ ಆಗಿದ್ದೋರು. ಸರ್ಕಾರ ಖಾಸಗಿತನಕ್ಕೆ ಕೈ ಹಾಕ್ಬೇಕಾದ್ರೆ ಕಾನೂನು ಇರ್ಬೇಕು, ನ್ಯಾಯವಾದ ಉದ್ದೇಶ ಇರ್ಬೇಕು, ಬೇಕಾದಷ್ಟಕ್ಕಿಂತ ಜಾಸ್ತಿ ಹೋಗ್ಬಾರ್ದು, ಈ ಮೂರೂ ನೆನಪಿರ್ಲಿ.

ಗಣಿತ ಸರಿ ಮಾಡೋಕಾಗದೇ ಇರೋ ಜಾಗಗಳೂ ಇವೆ. ಒಬ್ರೇ ಇರೋ ಅಜ್ಜಿ ಎರಡು ವಾರದಲ್ಲಿ ಭೇಟಿಯಾಗಿದ್ದು ಹೂವಿನೋಳನ್ನ ಮಾತ್ರ ಅನ್ಕೊಳ್ಳಿ, ಫೋನಿಗೆ ಅಲರ್ಟ್ ಬಂತು ಅಂದ್ರೆ ಯಾರಿಂದ ಅಂತ ಕೇಳೋದೇ ಬೇಡ, ಎಂಥ ಕ್ರಿಪ್ಟೋಗ್ರಫಿ (ಗುಟ್ಟು ಕಾಯೋ ಗಣಿತ) ಹಾಕಿದ್ರೂ ಇದನ್ನ ತಪ್ಪಿಸೋಕಾಗಲ್ಲ. ಇನ್ನು ಸಿಗ್ನಲ್ ಶಕ್ತಿ ನೋಡಿ ದೂರ ಅಂದಾಜು ಮಾಡೋದು ಬರೀ ಅಂದಾಜೇ, ಹಿಂದಿನ ಜೇಬಲ್ಲಿದ್ರೆ ನಮ್ಮ ಮೈಯಲ್ಲಿರೋ ನೀರೇ ಸಿಗ್ನಲ್ ತಿಂದುಬಿಡುತ್ತೆ, ಮಂಡಿಪೇಟೆಲಿ ತೆಳ್ಳನೆ ಗೋಡೆ ಆಚೆ ಈಚೆ ಎರಡು ಅಂಗಡಿಯೋರು ಮುಖ ನೋಡದೇ ಇದ್ರೂ ಫೋನಿನ ಲೆಕ್ಕದಲ್ಲಿ ಪಕ್ಕದಲ್ಲೇ ಕೂತಿರ್ತಾರೆ. ಮನೆಗೊಂದೇ ಫೋನ್ ಇದ್ದು ಅದು ಗಂಡನ ಜೇಬಲ್ಲಿದ್ರೆ ಹೆಂಡತಿಯ ಸಂಪರ್ಕ ಯಾವ ಡಬ್ಬಿಲೂ ಇರಲ್ಲ.

ಅದಕ್ಕೇ ನಾನು ಕೊನೆಗೆ ನಮ್ಮ ಏರಿಯಾದ ಆಶಾ ಅಕ್ಕನ ಹತ್ರ ಕೇಳ್ದೆ, ಟಿಬಿ ಇರೋ ಮನೆಗೆ ಹೆಂಗೆ ಹೋಗ್ತೀರಿ ಅಂತ. "ಗೇಟ್ ಹತ್ರ ನಿಂತು ಟಿಬಿ ಅನ್ನೋ ಮಾತೇ ಎತ್ತಲ್ಲಪ್ಪ, ಅದೇ ಸಾಲಲ್ಲಿ ಮೂರ್ನಾಲ್ಕು ಮನೆಗೆ ಹೋಗ್ತೀನಿ, ಬಿಪಿ ಶುಗರ್ ಕೇಳ್ತೀನಿ, ಆ ಮನೆಲಿ ಮಾತ್ರ ಸ್ವಲ್ಪ ನೀರು ಕೊಡ್ರಿ ಅಂತ ಒಳಗೆ ಕೂತ್ಕೊತೀನಿ" ಅಂದ್ರು. ಒಂದು ನಿಜವಾದ ಭೇಟಿನ ಮೂರು ಬೇರೆ ಭೇಟಿ ಒಳಗೆ ಮುಚ್ಚಿಡೋದು. ನೋಟ್‌ಬುಕ್ಕಲ್ಲಿ ಚೀಟಿ ಲೆಕ್ಕದ ಪಕ್ಕದಲ್ಲೇ ಇದನ್ನೂ ಬರ್ಕೊಂಡೆ.