ಕೆಂಪು ಹೋಗಿ ಹಳದಿಯಾದ ನೀರು: ಊರಿಗೆ ಹೇಳುವ ಮುನ್ನ

ಪಾವಗಡ, ಬಾಗೇಪಲ್ಲಿ, ಮುಂಡರಗಿ ಸೀಮೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇರುವುದು ಹೊಸ ಸುದ್ದಿಯಲ್ಲ. ಹಲ್ಲಿನ ಕಂದು ಕಲೆ, ಬಗ್ಗದ ಬೆನ್ನು ಯಾರ ಶಾಪವೂ ಅಲ್ಲ, ಬಂಡೆಯಿಂದ ನೀರಿಗೆ ಕರಗಿ ಬಂದದ್ದು. ನೆಲ್ಲೂರು ಜಿಲ್ಲೆಯಿಂದ 1937ರಲ್ಲೇ ಇದರ ವರದಿಯಾಗಿತ್ತು. ಈಗ ಹೈಸ್ಕೂಲು ಮಕ್ಕಳೇ ಕಿಟ್ ಹಿಡಿದು ನೀರು ಪರೀಕ್ಷಿಸುತ್ತಾರೆ, ಬಹಳ ಸಂತೋಷ. ಆದರೆ ಫಲಿತಾಂಶ ಸಂಜೆಯೊಳಗೆ ವಾಟ್ಸ್‌ಆ್ಯಪ್‌ಗೆ ಹೋಗಬಾರದು. ಕಾರಣ ಆ ಬಣ್ಣದಲ್ಲೇ ಇದೆ.

ಕಿಟ್‌ನ ದ್ರಾವಣದಲ್ಲಿ ಜಿರ್ಕೋನಿಯಂ ಎಂಬ ಲೋಹಕ್ಕೆ ಬಣ್ಣದ ಅಣು ಅಂಟಿಕೊಂಡಿರುತ್ತದೆ. ಆ ಜೋಡಿ ಕೆಂಪು. ಬಸ್ಸಿನಲ್ಲಿ ಟವೆಲ್ ಹಾಕಿ ಕೂತವನನ್ನು ರಿಸರ್ವೇಶನ್ ಇದ್ದವ ಎಬ್ಬಿಸುವಂತೆ ಫ್ಲೋರೈಡ್ ಬಂದು ಬಣ್ಣವನ್ನು ಎಬ್ಬಿಸಿ ತಾನು ಕೂರುತ್ತದೆ. ಎದ್ದು ನಿಂತ ಬಣ್ಣ ಹಳದಿ. ಅದೇ ಬಸ್ಸಿಗೆ ಅಲ್ಯೂಮಿನಿಯಂ ಹತ್ತಿದರೆ? ಫ್ಲೋರೈಡನ್ನು ಬಾಗಿಲಲ್ಲೇ ಹಿಡಿದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತದೆ, ಕಿಟ್ ಕಡಿಮೆ ತೋರಿಸುತ್ತದೆ. ಪಟಿಕದಲ್ಲಿ ಅಲ್ಯೂಮಿನಿಯಂ ಇದೆ, ಅದನ್ನು ಹಾಕಿದ ಕೊಡದ ನೀರಿನಲ್ಲಿ ಆಗುವುದು ಇದೇ. ಫಾಸ್ಫೇಟ್ ಇದ್ದರೆ ಉಲ್ಟಾ: ಅದೂ ಬಣ್ಣವನ್ನು ಎಬ್ಬಿಸುತ್ತದೆ, ಇಲ್ಲದ ಫ್ಲೋರೈಡ್ ಕಾಣಿಸುತ್ತದೆ. ಸೋಪಿನ ಪುಡಿಯಲ್ಲಿ ಫಾಸ್ಫೇಟ್ ಇರಬಹುದು, ಅದರಲ್ಲಿ ತೊಳೆದ ಬಾಟಲಿ ಬೇಡವೆನ್ನುವುದು ಅದಕ್ಕೇ.

ಪಂಪು ಐದು ನಿಮಿಷ ಓಡಲಿ. ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ, ಒಂದೇ ಬಾವಿಯಿಂದ ಎರಡು ಬಾಟಲಿ ತುಂಬಿ. ಜೊತೆಗೆ ಡಿಸ್ಟಿಲ್ಡ್ ವಾಟರ್‌ನದೂ ಒಂದಿರಲಿ, ಅದರಲ್ಲೂ ಫ್ಲೋರೈಡ್ ಕಂಡರೆ ಕಿಟ್ಟೋ ಬಾಟಲಿಯೋ ಕೆಟ್ಟಿದೆ. ಬಣ್ಣವನ್ನು ಇಬ್ಬರು ಬೇರೆಬೇರೆಯಾಗಿ, ಹಗಲ ಬೆಳಕಿನಲ್ಲಿ ಓದಲಿ.

ಕುಡಿಯುವ ನೀರಿಗೆ ಭಾರತದ ಮಾನಕವಾದ ಐಎಸ್ 10500ರ ಪ್ರಕಾರ ಫ್ಲೋರೈಡ್‌ಗೆ ಲೀಟರಿಗೆ 1 ಮಿಲಿಗ್ರಾಂ ಮಿತಿ, ಬೇರೆ ನೀರೇ ಇಲ್ಲದಿದ್ದರೆ 1.5. ಬಣ್ಣಪಟ್ಟಿಯಲ್ಲಿ 1, 1.5, 2 ಎಂಬ ಮೆಟ್ಟಿಲುಗಳಷ್ಟೇ ಇದ್ದರೆ, 1.5 ಎಂದು ಓದಿದ್ದು 1.3 ಆಗಿರಬಹುದು, 1.7 ಕೂಡ. ಅದನ್ನು ‘ವಿಷ’ ಎಂದು ಬರೆಯುವುದು ಅನ್ಯಾಯ. ‘ಮಿತಿಯ ಆಸುಪಾಸು, ಪ್ರಯೋಗಾಲಯದ ಪರೀಕ್ಷೆ ಬೇಕು’ ಎಂದು ಬರೆಯಿಸಿ.

ಪ್ರಯೋಗಾಲಯದ ವರದಿ ಮೊದಲು ಬಾವಿಯ ಯಜಮಾನರ ಕೈಗೆ, ಆಮೇಲೆ ಪಂಚಾಯಿತಿಗೆ. ನಕ್ಷೆಯಲ್ಲಿ ಖಾಸಗಿ ಬಾವಿಗಳಿಗೆ ಸಂಖ್ಯೆ ಸಾಕು, ಹೆಸರು ಬೇಡ. ‘ಆ ಮನೆಯ ನೀರು ಸರಿಯಿಲ್ಲ’ ಎಂಬ ಮಾತು ಹೆಣ್ಣು ನೋಡುವ ಶಾಸ್ತ್ರದವರೆಗೂ ಹೋಗುತ್ತದೆ. ಮಕ್ಕಳ ಹಲ್ಲಿನ ಫೋಟೊವಂತೂ ಬೇಡವೇ ಬೇಡ. ಆದರೆ ಎಲ್ಲರೂ ಕುಡಿಯುವ ನಲ್ಲಿಯದನ್ನು ಮುಚ್ಚಿಡಬಾರದು. ದೃಢಪಟ್ಟ ಅಂಕಿಯನ್ನು ತಾರೀಖಿನ ಸಮೇತ ಅಲ್ಲೇ ಅಂಟಿಸಬೇಕು. ಮಳೆಗಾಲ, ಬೇಸಿಗೆಗೆ ಅಂಕಿ ಬದಲಾಗಬಹುದು. ಅದರ ಕೆಳಗೆ ದಪ್ಪಕ್ಷರದಲ್ಲಿ ಇನ್ನೊಂದು ಸಾಲಿರಲಿ: ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ.