ಪರ್ತ್ ಪಕ್ಕದ ಖಾಸಗಿ ಅಭಯಾರಣ್ಯ: ಬೇಲಿ ಹಾಕಿದ್ಮೇಲೇ ಕೆಲ್ಸ ಶುರು

ಆಸ್ಟ್ರೇಲಿಯಾದ ಪರ್ತ್ ಸುತ್ತಮುತ್ತ ಜಮೀನಿರೋರು "ನಮ್ದೊಂದು ನೂರೆಕರೆ ಬುಷ್ (ಕುರುಚಲು ಕಾಡು) ಇದೆ, ಹಂಗೇ ಬಿಟ್ರೆ ಪ್ರಾಣಿಗಳು ತಾವೇ ಬರಲ್ವಾ" ಅಂತ ಕೇಳ್ತಿರ್ತಾರೆ. ಬರಲ್ಲ. ಶಿಕಾರಿ ಶೋಕಿಗೆ ಅಂತ ಯುರೋಪಿನಿಂದ ತಂದುಬಿಟ್ಟ ಕೆಂಪು ನರಿ, ಮನೆ ಬಿಟ್ಟು ಕಾಡು ಸೇರಿದ ಬೆಕ್ಕು, ಇವೆರಡೂ ಇರೋ ತನಕ ಮರಗಿಡ ಎಷ್ಟೇ ಚೆನ್ನಾಗಿದ್ರೂ ನೆಲದ ಮೇಲೆ ಓಡಾಡೋ ಸಣ್ಣ ಪ್ರಾಣಿ ಉಳಿಯೋದು ಕಷ್ಟ.

ನಾನು ಉದಾಹರಣೆ ಕೊಡೋದು ಪರ್ತ್ ಹತ್ರದ ಕರಕಾಮಿಯಾ ಅನ್ನೋ ಖಾಸಗಿ ಅಭಯಾರಣ್ಯದ್ದು. 1991ರಲ್ಲಿ ಮಾರ್ಟಿನ್ ಕಾಪ್ಲಿ ಅನ್ನೋರು ಸ್ವಂತ ದುಡ್ಡಲ್ಲಿ ಕೊಂಡ ಜಾಗ, ಆಸ್ಟ್ರೇಲಿಯನ್ ವೈಲ್ಡ್‌ಲೈಫ್ ಕನ್ಸರ್ವೆನ್ಸಿ ಅನ್ನೋ ಸಂಸ್ಥೆ ಹುಟ್ಟಿದ್ದೇ ಅಲ್ಲಿಂದ. ಬೇಲಿ ಹಾಕಿ, ಒಳಗಿನ ನರಿ ಬೆಕ್ಕು ಖಾಲಿ ಮಾಡಿ, ಆಮೇಲೆ ವೊಯ್ಲಿ ತಂದು ಬಿಟ್ರು. ವೊಯ್ಲಿನೂ ಕಾಂಗರೂ ಸಂಬಂಧದ್ದೇ, ಆದ್ರೆ ತೂಕ ಒಂದೊಂದೂವರೆ ಕೆಜಿ ಅಷ್ಟೆ. ಗೂಡಿಗೆ ಬೇಕಾದ ಹುಲ್ಲನ್ನ ಬಾಲದಲ್ಲಿ ಸುತ್ಕೊಂಡು ಹೋಗತ್ತೆ, ನೋಡೋಕೇ ಮಜಾ. ನೆಲದೊಳಗಿನ ಅಣಬೆಗೋಸ್ಕರ ರಾತ್ರಿಯೆಲ್ಲಾ ಕೆರೀತಿರತ್ತೆ, ಆ ಗುಂಡಿಗಳಲ್ಲಿ ಮಳೆನೀರು ಇಂಗಿ ತರಗೆಲೆ ಸೇರಿ ಬೀಜ ಮೊಳೆಯತ್ತೆ.

ಬೇಲಿ ವಿಷ್ಯಕ್ಕೆ ಬರ್ತೀನಿ, ದುಡ್ಡು ಕರಗೋದೇ ಅಲ್ಲಿ. ನಮ್ಮ ಮಲೆನಾಡಲ್ಲಿ ಆನೆಗೆ ಹಾಕೋ ಐಬೆಕ್ಸ್ ಕರೆಂಟ್ ಬೇಲಿ ಥರ ನಾಕು ತಂತಿ ಎಳೆದ್ರೆ ಇಲ್ಲಿ ಆಗಲ್ಲ. ಆಳೆತ್ತರದ ಜಾಲರಿ ಬೇಕು, ಮೇಲ್ತುದಿ ಹೊರಕ್ಕೆ ಬಾಗಿ ತೊನೀತಿರ್ಬೇಕು, ಹತ್ತಿದ ಬೆಕ್ಕಿಗೆ ಅಲ್ಲಿ ಹಿಡಿತ ಸಿಗ್ದೆ ಬೀಳ್ಬೇಕು. ಬುಡದಲ್ಲೂ ಜಾಲರಿನ ಹೊರಗಡೆಗೆ ಹಾಸಿ ಗೂಟ ಹೊಡೀಬೇಕು, ಇಲ್ಲಾಂದ್ರೆ ನರಿ ತೋಡ್ಕೊಂಡು ಬರತ್ತೆ. ಗಾಳಿಮಳೆ ಆದ ಮಾರನೇ ಬೆಳಿಗ್ಗೆ ಟೀ ಆಮೇಲೆ, ಮೊದ್ಲು ಬೇಲಿ ಸುತ್ತೋದು: ಕೊಂಬೆ ಬಿದ್ದಿದ್ಯಾ, ಹಳ್ಳ ದಾಟೋ ಕಡೆ ಮಣ್ಣು ಕೊಚ್ಕೊಂಡು ಹೋಗಿದ್ಯಾ, ಕಾಂಗರೂ ಗುದ್ದಿ ಜಾಲರಿ ಬಿಚ್ಚಿದ್ಯಾ. ಯಾಕಂದ್ರೆ ನುಗ್ಗಿದ ನರಿ ಹೊಟ್ಟೆ ತುಂಬ್ತು ಅಂತ ಸುಮ್ನಾಗಲ್ಲ, ಸಿಕ್ಕಿದ್ದನ್ನೆಲ್ಲಾ ಕೊಂದು ಬಿಸಾಕತ್ತೆ.

ಬೇಲಿ ಹೊರಗಡೆ 1080 ಅನ್ನೋ ವಿಷ ಬೆರೆಸಿದ ತಿನಿಸು ಹಾಕ್ತಾರೆ. ಈ ಭಾಗದ ಗ್ಯಾಸ್ಟ್ರೊಲೋಬಿಯಂ ಗಿಡಗಳಲ್ಲಿ ಅದೇ ವಿಷ ಮೊದ್ಲಿಂದ್ಲೂ ಇರೋದ್ರಿಂದ ಇಲ್ಲಿನ ಎಷ್ಟೋ ಪ್ರಾಣಿಗಳು ಅದನ್ನ ತಡ್ಕೊಳ್ತವೆ, ಪರದೇಶಿ ನರಿ ಸಾಯತ್ತೆ. ಸಾಕಿದ ನಾಯಿನೂ ಸಾಯತ್ತೆ, ಅದಕ್ಕೇ ಅಕ್ಕಪಕ್ಕದ ಜಮೀನಿನೋರಿಗೆ ಹೇಳ್ದೆ ಹಾಕೋ ಹಂಗಿಲ್ಲ.

ಇಷ್ಟೆಲ್ಲಾ ಸರಿಹೋದ್ರೆ ಇನ್ನೊಂದು ತಲೆನೋವು. ಮರಿಗಳು ಹೆಚ್ಚಾಗ್ತವೆ, ಬೇಲಿ ದಾಟಿ ಹೋಗೋಕೆ ಅವಕ್ಕೂ ಆಗಲ್ಲ, ಮೇವು ಸಾಲಲ್ಲ. ಹಿಡಿದು ಬೇರೆ ಕಡೆ ಬಿಡ್ಬೇಕು, ಕರಕಾಮಿಯಾದ ವೊಯ್ಲಿಗಳು ಅದೇ ಸಂಸ್ಥೆಯ ಇನ್ನೊಂದು ಅಭಯಾರಣ್ಯ ಮೌಂಟ್ ಗಿಬ್ಸನ್‌ಗೆ ಹೋಗಿದ್ದು ಹಂಗೇ. ಅದಕ್ಕೆ ಸರ್ಕಾರದ ಪರ್ಮಿಟ್ ಬೇಕು, ಜಮೀನು ನಿಮ್ಮ ಹೆಸರಲ್ಲಿದ್ರೂ ಅದರೊಳಗಿನ ಕಾಡುಪ್ರಾಣಿ ನಿಮ್ದಲ್ಲ, ಸೋ ಆ ಅರ್ಜಿ ಬೇಲಿ ಕಂಬ ನೆಡೋಕೆ ಮುಂಚೆನೇ ಓದ್ಕೊಳ್ಳಿ.