ಏಷ್ಯಾಡ್ ಫುಟ್‌ಬಾಲ್: ಎರಡು ಚಿನ್ನ ಗೆದ್ದ ತಂಡಕ್ಕೆ ಟಿಕೆಟ್ಟೇ ಸಿಗದಂತಾದದ್ದು ಹೇಗೆ?

ಏಷ್ಯನ್ ಗೇಮ್ಸ್‌ಗೆ ಪುರುಷರ ಫುಟ್‌ಬಾಲ್ ತಂಡವನ್ನು ಕಳಿಸಬೇಕೋ ಬೇಡವೋ ಎಂಬ ಚರ್ಚೆ 2018ರಿಂದೀಚೆಗೆ ಪೂರ್ತಿ ಗೋಜಲಾಗಿದೆ. ಬಳ್ಳಾರಿಯ ಮುನಿಸಿಪಲ್ ಮೈದಾನದ ಸುತ್ತ ಬೆಳಗಿನ ಚಹಾಕ್ಕೆ ಸೇರುವ ಹಿರಿಯರನ್ನು ಕೇಳಿ, 1962ರ ಚಿನ್ನದಿಂದ ಮಾತು ಶುರುಮಾಡುತ್ತಾರೆ. ಹುಡುಗರು ಸುನಿಲ್ ಛೆಟ್ರಿಯಿಂದ ಶುರುಮಾಡುತ್ತಾರೆ. ಪೇಪರ್ ಓದುವವರು ಫಿಫಾ ರ‍್ಯಾಂಕಿಂಗ್ ತೆಗೆಯುತ್ತಾರೆ. ಮೂವರೂ ಒಂದೇ ತಂಡದ ಬಗ್ಗೆ ಜಗಳ ಆಡುತ್ತಿದ್ದೇವೆ ಅಂದುಕೊಂಡಿರುತ್ತಾರೆ. ಆದರೆ ಚಿನ್ನ ಗೆದ್ದದ್ದು ದೇಶದ ಹಿರಿಯರ ತಂಡ, ಅಂದರೆ ವಯಸ್ಸಿನ ಮಿತಿ ಇಲ್ಲದ ಮುಖ್ಯ ತಂಡ, ಈಗ ಹೋಗುವುದು 23 ವರ್ಷದೊಳಗಿನವರ ತಂಡ, ರ‍್ಯಾಂಕಿಂಗ್ ಮಾತ್ರ ಮತ್ತೆ ಹಿರಿಯರದ್ದೇ. ಇಡೀ ಗೊಂದಲದ ಬೇರು ಇಲ್ಲಿದೆ.

ಮೊದಲ ಏಷ್ಯಾಡ್, ಅಂದರೆ ಏಷ್ಯನ್ ಗೇಮ್ಸ್, ನಡೆದದ್ದು 1951ರ ಮಾರ್ಚ್‌ನಲ್ಲಿ, ದೆಹಲಿಯಲ್ಲಿ. ಫುಟ್‌ಬಾಲ್ ಆಡಲು ಬಂದವು ಆರೇ ತಂಡ. ಭಾರತ ಇಂಡೋನೇಷ್ಯಾವನ್ನು 3–0, ಅಫ್ಗಾನಿಸ್ತಾನವನ್ನು 3–0 ಗೋಲುಗಳಿಂದ ಸೋಲಿಸಿತು. ಫೈನಲ್‌ನಲ್ಲಿ ಇರಾನ್ ವಿರುದ್ಧ ಮೇವಾಲಾಲ್ ಹೊಡೆದ ಒಂದೇ ಗೋಲು ಚಿನ್ನಕ್ಕೆ ಸಾಕಾಯಿತು. ನಾಯಕ ಸೈಲೇನ್ ಮನ್ನಾ. ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೋಸ್ಲಾವಿಯಾ ಕೈಲಿ 10–1ರಲ್ಲಿ ಸೋತಾಗ ಭಾರತದ ಆ ಒಂದು ಗೋಲು ಹೊಡೆದವರೂ ಇವರೇ. ಬರಿಗಾಲಲ್ಲಿ ಆಡುವ ಕಾಲ ಮುಗಿದು ಬೂಟು ಕಡ್ಡಾಯವಾದದ್ದು ಆ ಸೋಲಿನ ನಂತರ.

ಆ ತಂಡದ ಕೋಚ್ ಸೈಯದ್ ಅಬ್ದುಲ್ ರಹೀಂ ಹೈದರಾಬಾದಿನವರು, ಮೂಲತಃ ಶಾಲಾ ಮೇಷ್ಟ್ರು. ರಾಯಚೂರು, ಕೊಪ್ಪಳದ ಹಳಬರು ರಹೀಂ ಸಾಹೇಬರನ್ನು ಈಗಲೂ ನಮ್ಮವರೆಂದೇ ಹೇಳಿಕೊಳ್ಳುವುದರಲ್ಲಿ ತಪ್ಪೇನಿಲ್ಲ. 1956ರ ನವೆಂಬರ್‌ವರೆಗೆ ಈ ಸೀಮೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ರಹೀಂ ಹೈದರಾಬಾದ್ ಸಿಟಿ ಪೊಲೀಸ್ ತಂಡ ಕಟ್ಟಿದ್ದೂ, ದೇಶದ ತಂಡಕ್ಕೆ ಕೋಚ್ ಆದದ್ದೂ ಆ ದಿನಗಳಲ್ಲೇ. ಬಳ್ಳಾರಿಯ ದಾರಿ ಬೇರೆ. ಅದು 1953ರವರೆಗೆ ಮದ್ರಾಸಿನ ಕಡೆ ಇತ್ತು.

1954ರ ಮನಿಲಾದಲ್ಲಿ ಭಾರತ ಗುಂಪು ಹಂತದಲ್ಲೇ ಹೊರಬಿತ್ತು, 1958ರ ಟೋಕಿಯೊದಲ್ಲಿ ನಾಲ್ಕನೆಯದಾಯಿತು. ಎರಡೂ ಸಲ ಚಿನ್ನ ತೈವಾನ್‌ಗೆ.

ಆಮೇಲೆ 1962ರ ಜಕಾರ್ತಾ. ಇಸ್ರೇಲ್ ಮತ್ತು ತೈವಾನ್ ಕ್ರೀಡಾಪಟುಗಳಿಗೆ ಇಂಡೋನೇಷ್ಯಾ ಪ್ರವೇಶ ಕೊಡಲಿಲ್ಲ. ಹಾಗಾದರೆ ಇದನ್ನು ಏಷ್ಯನ್ ಗೇಮ್ಸ್ ಅನ್ನುವಂತಿಲ್ಲ ಎಂದು ತಕರಾರು ಎತ್ತಿದವರು ಈ ಕೂಟ ಹುಟ್ಟುಹಾಕಿದವರಲ್ಲೇ ಒಬ್ಬರಾದ ಭಾರತದ ಜಿ.ಡಿ. ಸೋಂಧಿ. ಊರಿಗೆ ಊರೇ ಭಾರತದ ಮೇಲೆ ಸಿಟ್ಟಾಯಿತು, ರಾಯಭಾರ ಕಚೇರಿಯ ಮೇಲೆ ದಾಳಿಯೂ ನಡೆಯಿತು. ಇದರ ನಡುವೆ ಸೆಪ್ಟೆಂಬರ್ 4ರಂದು ಫೈನಲ್. ಎದುರಿಗೆ ಗುಂಪು ಹಂತದಲ್ಲಿ 2–0ರಿಂದ ಸೋಲಿಸಿದ್ದ ದಕ್ಷಿಣ ಕೊರಿಯಾ, ಸುತ್ತ ಕೂಗಿ ಅಣಕಿಸುವ ಜನ. ಡಿಫೆಂಡರ್ ಜರ್ನೈಲ್ ಸಿಂಗ್‌ಗೆ ಥಾಯ್ಲೆಂಡ್ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿದ್ದರು. ಹಿಂದೆ ನಿಂತು ಎದುರಾಳಿಯ ಜೊತೆ ಗುದ್ದಾಡುವ ಸ್ಥಿತಿಯಲ್ಲಿ ಅವರಿರಲಿಲ್ಲ. ರಹೀಂ ಅವರನ್ನು ಕೂರಿಸಲಿಲ್ಲ, ಸೆಂಟರ್ ಫಾರ್ವರ್ಡ್ ಮಾಡಿ ಮುಂದಕ್ಕೆ ಕಳಿಸಿದರು. ಸೆಮಿಫೈನಲ್‌ನಲ್ಲಿ ಒಂದು ಗೋಲು, ಫೈನಲ್‌ನಲ್ಲಿ ತಲೆಗೆ ಪಟ್ಟಿ ಕಟ್ಟಿಕೊಂಡೇ ಇನ್ನೊಂದು. ಮೊದಲ ಗೋಲು ಪಿ.ಕೆ. ಬ್ಯಾನರ್ಜಿಯದು. 2–1, ಚಿನ್ನ. ಚುನಿ ಗೋಸ್ವಾಮಿ ನಾಯಕರಾಗಿದ್ದ ಆ ತಂಡದಲ್ಲಿ ಸಿಕಂದರಾಬಾದಿನ ತುಳಸಿದಾಸ್ ಬಲರಾಂ, ಹೈದರಾಬಾದಿನ ಯೂಸುಫ್ ಖಾನ್ ಇದ್ದರು. ಮರುವರ್ಷ ರಹೀಂ ಕ್ಯಾನ್ಸರ್‌ನಿಂದ ತೀರಿಕೊಂಡರು.

ಉಳಿದದ್ದನ್ನು ಬೇಗ ಹೇಳಿ ಮುಗಿಸಬಹುದು: 1970ರ ಬ್ಯಾಂಕಾಕ್‌ನಲ್ಲಿ ನಯೀಮುದ್ದೀನ್ ನಾಯಕತ್ವದಲ್ಲಿ ಜಪಾನನ್ನು 1–0ರಿಂದ ಸೋಲಿಸಿ ಕಂಚು, 1982ರ ದೆಹಲಿಯಲ್ಲಿ ಸೌದಿ ಅರೇಬಿಯಾ ಎದುರು ಕ್ವಾರ್ಟರ್‌ಫೈನಲ್ ಸೋಲು, 1990 ಮತ್ತು 1994ರಲ್ಲಿ ತಂಡವೇ ಹೋಗಲಿಲ್ಲ.

2002ರ ಬೂಸಾನ್‌ನಲ್ಲಿ ನಿಯಮವೇ ಬದಲಾಯಿತು. ಒಲಿಂಪಿಕ್ಸ್ ಮಾದರಿಯಲ್ಲಿ ಏಷ್ಯಾಡ್ ಕೂಡ 23ರೊಳಗಿನವರ ಕೂಟವಾಯಿತು, ವಯಸ್ಸು ಮೀರಿದವರಿಗೆ ಮೂರೇ ಜಾಗ. ಚಹಾ ಅಂಗಡಿಯ ವಾದಗಳಲ್ಲಿ ಈ ವರ್ಷ ಬರುವುದೇ ಇಲ್ಲ, ಬರಬೇಕಾದದ್ದು ಇದೇ. ಅಲ್ಲಿಂದಾಚೆಗೆ ಏಷ್ಯಾಡ್ ಫುಟ್‌ಬಾಲ್ ಅಂದರೆ ಒಂದೊಂದು ದೇಶಕ್ಕೆ ಒಂದೊಂದು ಅರ್ಥ. ದಕ್ಷಿಣ ಕೊರಿಯಾದ ಆಟಗಾರನಿಗೆ ಚಿನ್ನ ಬಂದರೆ ಕಡ್ಡಾಯ ಸೈನಿಕ ಸೇವೆಯಿಂದ ವಿನಾಯಿತಿ. 2018ರಲ್ಲಿ ಸನ್ ಹ್ಯೂಂಗ್-ಮಿನ್ ಇಂಗ್ಲೆಂಡಿನ ಲೀಗ್ ಬಿಟ್ಟು ಬಂದು ಆಡಿದ್ದು ಇದಕ್ಕೇ, ಗೆದ್ದೂ ಗೆದ್ದರು. ಜಪಾನ್‌ಗೆ ಇದು ಮುಂದಿನ ಒಲಿಂಪಿಕ್ಸ್ ತಂಡದ ತಯಾರಿ. ಅದು 2018ರಲ್ಲಿ 21ರೊಳಗಿನವರನ್ನೇ ಕಳಿಸಿ ಫೈನಲ್ ತಲುಪಿತು. ನಮಗೆ ಇದು ಏನು ಎಂಬುದನ್ನು ಯಾರೂ ಕೂತು ತೀರ್ಮಾನಿಸಲಿಲ್ಲ. ಆ ತೀರ್ಮಾನದ ಜಾಗಕ್ಕೆ ಮಾನದಂಡ ಬಂತು: ತಂಡದ ಆಟಗಳಲ್ಲಿ ಏಷ್ಯಾದ ಮೊದಲ ಎಂಟರೊಳಗೆ ಇರಬೇಕು.

2018ರಲ್ಲಿ ಈ ಲೆಕ್ಕದಲ್ಲೇ ಫುಟ್‌ಬಾಲ್ ತಂಡ ಮನೆಯಲ್ಲಿ ಉಳಿಯಿತು. 2023ರ ಜುಲೈನಲ್ಲೂ ಅದೇ ಕಥೆ. ಆಗ ಭಾರತದ ಫಿಫಾ ರ‍್ಯಾಂಕ್ 99, ಏಷ್ಯಾದಲ್ಲಿ 18. ಕೋಚ್ ಇಗೋರ್ ಸ್ಟಿಮಾಚ್ ಪ್ರಧಾನಿಗೇ ಬಹಿರಂಗ ಪತ್ರ ಬರೆದರು, ಕ್ರೀಡಾ ಸಚಿವಾಲಯ ನಿಯಮ ಸಡಿಲಿಸಿತು, ತಂಡಕ್ಕೆ ಹಾದಿ ಸಿಕ್ಕಿತು. ಸಾರ್ವಜನಿಕ ಹಣ ಖರ್ಚಾಗುವಲ್ಲಿ ಒಂದು ಅಳತೆಗೋಲು ಬೇಕು ಎನ್ನುವುದನ್ನು ಅಲ್ಲಗಳೆಯಲಾಗದು. ಆದರೆ ಅಪ್ಪನ ಮಾರ್ಕ್ಸ್ ಕಾರ್ಡ್ ನೋಡಿ ಮಗನಿಗೆ ಸೀಟು ಇಲ್ಲ ಎಂದಂತಾಯಿತಲ್ಲ ಇದು! ಹಾಂಗ್‌ಕಾಂಗ್ ಉದಾಹರಣೆ ಸಾಕು. 2022ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ಭಾರತದ ಹಿರಿಯರ ತಂಡ ಅವರನ್ನು 4–0ರಿಂದ ಸೋಲಿಸಿತ್ತು, ರ‍್ಯಾಂಕಿಂಗ್‌ನಲ್ಲೂ ಅವರು ನಮಗಿಂತ ಎಷ್ಟೋ ಕೆಳಗೆ. ಮರುವರ್ಷದ ಹಾಂಗ್ಝೌ ಏಷ್ಯಾಡ್‌ನಲ್ಲಿ ಅದೇ ಹಾಂಗ್‌ಕಾಂಗ್‌ನ ಕಿರಿಯರ ತಂಡ ಇರಾನನ್ನು ಮಣಿಸಿ ಸೆಮಿಫೈನಲ್ ಆಡಿತು.

ಅನುಮತಿ ಸಿಕ್ಕಮೇಲೆ ಆಟಗಾರರು ಸಿಗಬೇಕಲ್ಲ? ಅಲ್ಲಿ ಎರಡನೇ ಗಂಟು. ಏಷ್ಯಾಡ್ ಫಿಫಾ ಕ್ಯಾಲೆಂಡರ್‌ನ ಹೊರಗಿನ ಕೂಟ. ಆಟಗಾರನನ್ನು ಬಿಟ್ಟುಕೊಡಲೇಬೇಕೆಂಬ ಕಟ್ಟಳೆ ಕ್ಲಬ್‌ಗೆ ಇಲ್ಲ. 2023ರ ಕೂಟದಲ್ಲಿ ಭಾರತದ ಮೊದಲ ಪಂದ್ಯ ಸೆಪ್ಟೆಂಬರ್ 19ಕ್ಕೆ, ದೇಶದ ಕ್ಲಬ್‌ಗಳ ಲೀಗ್ ಆದ ಐಎಸ್‌ಎಲ್ ಶುರು 21ಕ್ಕೆ. ಸಂಬಳ ಕೊಟ್ಟು ಸಾಕಿದ ಆಟಗಾರನನ್ನು ಲೀಗ್ ಶುರುವಾಗುವ ವಾರ ಯಾವ ಕ್ಲಬ್ ನಗುನಗುತ್ತಾ ಕಳಿಸಿಕೊಡುತ್ತದೆ? ಪಟ್ಟಿ ಬದಲಾಯಿತು, ಮತ್ತೆ ಬದಲಾಯಿತು. ಕೊನೆಗೆ ಹೊರಟದ್ದು ಒಂದು ದಿನವೂ ಒಟ್ಟಿಗೆ ಅಭ್ಯಾಸ ಮಾಡಿರದ ತಂಡ.

ಕ್ಲಬ್ಬಿನ ಪಾಡು ನಮ್ಮ ಬಳ್ಳಾರಿ ಜಿಲ್ಲೆಯವರಿಗೆ ತಿಳಿಯದ್ದೇನಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಟೌನ್‌ಶಿಪ್‌ನಲ್ಲಿ ಜೆಎಸ್‌ಡಬ್ಲ್ಯು ಕಟ್ಟಿದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ಇದೆ. ಅದೇ ಸಮೂಹದ ಬೆಂಗಳೂರು ಎಫ್‌ಸಿ ಸೀಸನ್‌ಗೆ ಮುಂಚಿನ ತರಬೇತಿಗೆ ಅಲ್ಲಿಗೆ ಬಂದದ್ದುಂಟು. ಆ ಕ್ಲಬ್ ತನ್ನ ನಾಯಕ ಛೆಟ್ರಿಯನ್ನು ಬಿಟ್ಟುಕೊಟ್ಟಿತು. 21ರಂದು ಕೊಚ್ಚಿಯಲ್ಲಿ ಛೆಟ್ರಿ ಇಲ್ಲದೆ ಆಡಿ ಕೇರಳ ಬ್ಲಾಸ್ಟರ್ಸ್ ಎದುರು 2–1ರಲ್ಲಿ ಸೋತಿತು. ಬಿಡದ ಕ್ಲಬ್‌ಗಳನ್ನು ಬೈಯುವ ಮುಂಚೆ ಬಿಟ್ಟ ಕ್ಲಬ್‌ಗೆ ಏನಾಯಿತು ಎಂದೂ ನೋಡಬೇಕಾಗುತ್ತದೆ.

ತಂಡ ಹಾಂಗ್ಝೌ ಮುಟ್ಟಿದ್ದು ಚೀನಾ ವಿರುದ್ಧದ ಪಂದ್ಯಕ್ಕೆ ಒಂದು ದಿನವೂ ಪೂರ್ತಿ ಇಲ್ಲದಿರುವಾಗ. ಚಿಂಗ್ಲೆನ್‌ಸನಾ ಮತ್ತು ಲಾಲ್‌ಚುಂಗ್ನುಂಗಾ ವೀಸಾ ತಡವಾಗಿ ಇನ್ನೂ ಇಲ್ಲೇ ಇದ್ದರು. ಆ ಸಂಜೆ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಗಣೇಶನ ಪೆಂಡಾಲಿನ ಹಿಂದೆ ಒಂದೇ ಮೊಬೈಲಿನ ಸುತ್ತ ಏಳೆಂಟು ತಲೆ. ಚೀನಾ ಮೊದಲ ಗೋಲು ಹೊಡೆದಾಗ ಯಾರೂ ಬೆಚ್ಚಲಿಲ್ಲ. ಆಮೇಲೆ ಗೋಲ್‌ಕೀಪರ್ ಗುರ್ಮೀತ್ ಪೆನಾಲ್ಟಿ ತಡೆದರು, ಎಲ್ಲರೂ ಇನ್ನಷ್ಟು ಬಗ್ಗಿದರು. ಮಧ್ಯಂತರಕ್ಕೆ ಸೀಟಿ ಊದುವ ಹೊತ್ತಿಗೆ ರಾಹುಲ್ ಕೆ.ಪಿ. ಬಲಗಡೆಯಿಂದ ಓಡಿ, ಕೋನವೇ ಇಲ್ಲದ ಜಾಗದಿಂದ ಚೆಂಡನ್ನು ಬಲೆಯೊಳಗೆ ಬಾರಿಸಿದರು. 1–1. ಪೆಂಡಾಲಿನ ಹಾಡಿಗಿಂತ ಜೋರಾಗಿ ಕೇಕೆ ಬಿತ್ತು. ದ್ವಿತೀಯಾರ್ಧದಲ್ಲಿ ನಾಲ್ಕು ಗೋಲು ಬಿಟ್ಟುಕೊಟ್ಟು 5–1ಕ್ಕೆ ಮುಗಿದಾಗ ಫೋನಿನ ಒಡೆಯ ಹೇಳಿದ್ದು: 'ನಿನ್ನೆ ರಾತ್ರಿ ಇಳದು ಇವತ್ತು ಆಡ್ರಿ ಅಂದ್ರೆ ಕಾಲೆಲ್ಲಿಂದ ಬರ್ತಾವಣ್ಣ?' ಮರುದಿನದ ವಿಶ್ಲೇಷಣೆಗಳು ಇದಕ್ಕಿಂತ ಹೆಚ್ಚು ಏನೂ ಹೇಳಲಿಲ್ಲ.

ಗಮನಿಸಬೇಕಾದದ್ದು ಮುಂದಿನದು. ಅದೇ ಅರೆಬರೆ ತಂಡ ಬಾಂಗ್ಲಾದೇಶವನ್ನು 39 ವರ್ಷದ ಛೆಟ್ರಿಯ ಪೆನಾಲ್ಟಿಯಿಂದ 1–0ರಲ್ಲಿ ಸೋಲಿಸಿತು, ಮ್ಯಾನ್ಮಾರ್ ಜೊತೆ 1–1 ಮಾಡಿಕೊಂಡು ಕೊನೆಯ 16 ತಂಡಗಳ ಘಟ್ಟ ತಲುಪಿತು. ಸೌದಿ ಅರೇಬಿಯಾ ಎದುರು 2–0ರಲ್ಲಿ ಸೋತರೂ ಮೊದಲಾರ್ಧ ಗೋಲು ಬಿಟ್ಟುಕೊಟ್ಟಿರಲಿಲ್ಲ. 2014ರ ಇಂಚಿಯಾನ್‌ನಲ್ಲಿ ಆಡಿದ ಎರಡೂ ಪಂದ್ಯ ಸೋತು ಬಂದಿದ್ದ ದೇಶಕ್ಕೆ ಇದು ಕಡಿಮೆಯದೇನಲ್ಲ. ಹದಿನೈದು ದಿನ ಒಟ್ಟಿಗೆ ಆಡಿಸಿ ಕಳಿಸಿದ್ದರೆ ಎಂದು ಯಾರಿಗಾದರೂ ಅನ್ನಿಸಿಯೇ ಅನ್ನಿಸುತ್ತದೆ.

ಸಚಿವಾಲಯಕ್ಕೆ ಅದರ ಲೆಕ್ಕ, ಲೀಗ್‌ಗೆ ಅದರ ಟಿವಿ ವೇಳಾಪಟ್ಟಿ, ಕ್ಲಬ್‌ಗೆ ಅದರ ಖರ್ಚು, ಫೆಡರೇಷನ್‌ಗೆ ಅದರ ಇಕ್ಕಟ್ಟು. ಒಬ್ಬೊಬ್ಬರದನ್ನೂ ಬಿಡಿಸಿ ಕೇಳಿದರೆ ಎಲ್ಲರ ಮಾತೂ ಸರಿ ಅನ್ನಿಸುತ್ತದೆ. 23ರೊಳಗಿನವರ ತಂಡವನ್ನು 23ರೊಳಗಿನವರ ಪಂದ್ಯಗಳ ಫಲಿತಾಂಶದಿಂದಲೇ ಅಳೆಯುವುದಕ್ಕೆ, ಲೀಗನ್ನು ಎರಡು ವಾರ ತಡವಾಗಿ ಶುರುಮಾಡುವುದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. ಎರಡಕ್ಕೂ ಆರು ತಿಂಗಳು ಮುಂಚೆ ಕೂತು ಮಾತಾಡಿದರೆ ಸಾಕು. ಹಾಂಗ್ಝೌ ನಂತರದ ಏಷ್ಯಾಡ್ ಜಪಾನಿನ ಐಚಿ–ನಗೋಯಾದಲ್ಲಿ ನಿಗದಿಯಾದದ್ದು 2026ಕ್ಕೆ, ಶುರುವಾಗುವ ದಿನ ಮತ್ತೆ ಸೆಪ್ಟೆಂಬರ್ 19.